ಎಷ್ಟು ಎತ್ತರವಾದರೂ

ಪ್ಯಾಂಟಿನ ಎರಡು ಕಾಲುಗಳನ್ನು ಒಂದರ ಮೇಲೊಂದು ಕೂಡಿಸಿ ಅವನು ಇಸ್ತ್ರಿಪೆಟ್ಟಿಗೆ ಇಟ್ಟ. ಅಂಚು ಕೂಡಲಿಲ್ಲ. ಕೂಡುವುದೂ ಇಲ್ಲ, ಬಲಗಾಲು ಒಂದೂವರೆ ಇಂಚು ಗಿಡ್ಡ. ಮನೆಯೊಳಗೆ ಬರಿಗಾಲಲ್ಲಿ ಓಡಾಡುವಾಗ ನೆಲಕ್ಕೆ ಎಳೆಯದಿರಲಿ ಎಂದು ದರ್ಜಿ ಹಾಗೆಯೇ ಹೊಲಿಯುತ್ತಿದ್ದ. ಮೂವತ್ತು ವರ್ಷದಿಂದ ಅಣ್ಣನ ಬಟ್ಟೆಗೆ ಇಸ್ತ್ರಿ ಹಾಕಿದ ಕೈಗೆ ಇದು ಹೊಸದೇನಲ್ಲ. ಆದರೂ ಇವತ್ತು ಆ ಒಂದೂವರೆ ಇಂಚಿನ ಮೇಲೆ ಕಣ್ಣು ನೆಟ್ಟು ನಿಂತುಬಿಟ್ಟ. ವಾಸನೆ ಬಂದಾಗಲೇ ಎಚ್ಚರವಾದದ್ದು. ಅಂಚಿನಲ್ಲಿ ಹಳದಿ ಕಲೆ ಬಿದ್ದಿತ್ತು. ಅಂಗಡಿ ಇಟ್ಟ ಮೇಲೆ ಅವನು ಸುಟ್ಟ ಮೊದಲ ಬಟ್ಟೆ ಅದು.

ಮೂರು ಮನೆ ಆಚೆ ಅಣ್ಣನನ್ನು ಮಲಗಿಸಿದ್ದರು. ಈ ಪ್ಯಾಂಟು ಹಾಕಿಸಿ, ಹನ್ನೊಂದಕ್ಕೆ ಗಾಡಿ ಬಂದರೆ ಮಣ್ಣಿಗೆ ಒಯ್ಯುವುದು. ಅಷ್ಟು ಹೊತ್ತು ಅತ್ತಿಗೆಯ ಕೈಗೆ ಒಬ್ಬನೇ ಸಿಗದಿದ್ದರೆ ಸಾಕು ಎಂದು ತಮ್ಮ ಬೆಳಗಿನಿಂದ ಗಡಿಯಾರ ನೋಡುತ್ತಿದ್ದ. ಒಡಹುಟ್ಟಿದವನು ಸತ್ತಾಗ ಅಳುವುದು ಬಿಟ್ಟು ಅಡಗಿಕೊಳ್ಳುವವನಿಗೆ ಏನೆನ್ನಬೇಕೋ ಅದನ್ನೆಲ್ಲ ಅವನು ತನಗೆ ತಾನೇ ಅಂದುಕೊಂಡಿದ್ದ. ಭಯ ಮಾತ್ರ ಹೋಗಿರಲಿಲ್ಲ.

ನಾಲ್ಕು ದಿನದ ಕೆಳಗೆ ಅಣ್ಣನ ಮಗಳು ಅಂಗಡಿಗೆ ಬಂದು, "ಚಿಕ್ಕಪ್ಪ, ಅಪ್ಪ ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಂತೆ" ಎಂದಿದ್ದಳು. ಮದುವೆಮನೆಯ ಬಟ್ಟೆ ರಾಶಿ ಬಿದ್ದಿದೆ ಎಂದ. ಮರುದಿನ ಮತ್ತೆ ಬಂದಳು. ಹೋಟೆಲಿನ ಹಾಸಿಗೆಬಟ್ಟೆ ಎಂದ. ಮೂರನೆಯ ದಿನ ಅವಳನ್ನು ದೂರದಲ್ಲಿ ಕಂಡವನೇ ಹಿಂಬಾಗಿಲಿನಿಂದ ಹೊರಟುಹೋದ. ಅಣ್ಣ ಆ ಮಾತು ಇಟ್ಟುಕೊಂಡೇ ಸತ್ತ. ಅಥವಾ, ಇಟ್ಟುಕೊಳ್ಳದೆ ಹೆಂಡತಿಗೆ ಒಪ್ಪಿಸಿ ಸತ್ತ.

ಪ್ಯಾಂಟು ಮಡಚಿ ಎತ್ತಿಕೊಂಡು ಅವನು ಬೀದಿಗಿಳಿದ.

*

ಸಾವಿನ ಮನೆಯ ಜಗಲಿಯಲ್ಲಿ ಬೂಟು ಹೊಲಿಯುವ ಮುದುಕ ಅಣ್ಣನ ಜೋಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಲಗಾಲಿನದಕ್ಕೆ ಇಂಚು ದಪ್ಪದ ಅಟ್ಟೆ ಕಟ್ಟಿಕೊಡುತ್ತಿದ್ದವನು ಅವನೇ. ಅದಕ್ಕಿಂತ ದಪ್ಪ ಮಾಡಿದರೆ ಕಾಲು ಹೊರಳುತ್ತದೆ. ಉಳಿದ ಅರ್ಧ ಇಂಚನ್ನು ಅಣ್ಣ ಸೊಂಟದಲ್ಲಿ ತುಂಬಿಸಿಕೊಂಡು ನಡೆಯುತ್ತಿದ್ದ.

ಬೀದಿಯವರು ಅಣ್ಣನಿಗೆ 'ಒಂದೂವರೆ' ಎಂದು ಹೆಸರಿಟ್ಟಿದ್ದರು. ಕರೆದವರಿಗಿಂತ ಮೊದಲು ಅವನೇ ನಗುತ್ತಿದ್ದ. ಎರಡಕ್ಕೆ ಅರ್ಧ ತಾನೆ ಕಮ್ಮಿ, ಅನ್ನುತ್ತಿದ್ದ. ರಸ್ತೆಯ ನಡು ಉಬ್ಬು, ಅಂಚು ತಗ್ಗು. ಎಡ ಅಂಚು ಹಿಡಿದು ಹೋದರೆ ಬಲಗಾಲು ಎತ್ತರದ ಕಡೆ ಬಿದ್ದು ಎರಡೂ ಸಮವಾಗುತ್ತವೆ ಎಂದು ಅವನು ಕಂಡುಕೊಂಡಿದ್ದ. ಹೋಗುವಾಗಲೂ ಎಡ, ಬರುವಾಗಲೂ ಎಡ. ಅಲ್ಲಿ ಅವನು ಎಲ್ಲರ ಹಾಗೆಯೇ ಕಾಣುತ್ತಿದ್ದ. ಅಂಗಡಿಯ ಮುಂದಿನ ಸಮ ಕಲ್ಲಿನ ಮೇಲೆ ಬಂದಾಗ ಮಾತ್ರ ಟಕ್, ಸರ್, ಟಕ್, ಸರ್ ಕೇಳುತ್ತಿತ್ತು. ಕೇಳಿದೊಡನೆ ತಮ್ಮ ತಲೆ ತಗ್ಗಿಸಿ ಯಾರದೋ ಅಂಗಿಯ ಕಾಲರು ತಿಕ್ಕತೊಡಗುತ್ತಿದ್ದ.

ಮುದುಕ ಪಕ್ಕದವರಿಗೆ ವಿವರಿಸುತ್ತಿದ್ದ. ಎಡಗಾಲಿನ ಅಟ್ಟೆ ಮೂರು ತಿಂಗಳಿಗೇ ಸವೆಯುತ್ತಿತ್ತಂತೆ. "ಬಲಗಾಲಿನ ಪಾಲನ್ನೂ ಎಡಗಾಲೇ ಹೊತ್ತಿತು. ಹೊತ್ತೂ ಹೊತ್ತೂ ಮಂಡಿ ಹೋಯ್ತು. ಮಂಡಿ ಹೋಗಿದ್ದಕ್ಕೆ ಬಚ್ಚಲಲ್ಲಿ ಬಿದ್ರು, ಬಿದ್ದಿದ್ದಕ್ಕೆ ಮಂಚ ಹಿಡಿದ್ರು, ಮಂಚ ಹಿಡಿದಿದ್ದಕ್ಕೆ ಎದೇಲಿ ಕಫ ಕಟ್ಟಿತು. ಹಿಂದಕ್ಕೆ ಹೋಗಿ ನೋಡಿದ್ರೆ, ಕೊಂದಿದ್ದು ಆವತ್ತು ಜಾರಿದ ಏಣೀನೇ."

ತಮ್ಮ ಮೆಟ್ಟಿಲ ಮೇಲೆಯೇ ನಿಂತ. ಕುಂಟು ನಡಿಗೆಯ ಭಾರವನ್ನು ಹೇಗೋ ಹೊತ್ತಿದ್ದ. ಕೊಂದದ್ದು ಎಂಬ ಮಾತನ್ನು ಅವನು ಎಂದೂ ಹತ್ತಿರ ಬಿಟ್ಟುಕೊಂಡಿರಲಿಲ್ಲ.

"ಏಣಿ ಹಿಡ್ಕೊಳ್ಳೋಕೆ ಯಾರೂ ಇರಲಿಲ್ವಾ ಆವತ್ತು?" ಮುದುಕ ತಲೆಯೆತ್ತಿ ಕೇಳಿದ. ಅವನು ಈ ಬೀದಿಗೆ ಬಂದದ್ದು ಆಮೇಲೆ, ಅವನಿಗೆ ಗೊತ್ತಿಲ್ಲ.

"ನಾನಿದ್ದೆ" ಎಂದ ತಮ್ಮ. "ಮೆಟ್ಟಿಲು ನುಣುಪಿತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹೇಳುತ್ತ ಹೇಳುತ್ತ ಅವನು ತನ್ನ ಅಂಗಿಯ ಎದೆಯನ್ನು ಸವರಿಕೊಂಡ. ಬಿಳಿ ಅಂಗಿ, ಗರಿಗರಿ. ಅವನು ಬೇರೆ ಬಣ್ಣ ಹಾಕುತ್ತಲೇ ಇರಲಿಲ್ಲ.

*

ಅಂಥ ಮೊದಲ ಅಂಗಿ ಅಣ್ಣನೇ ಕೊಡಿಸಿದ್ದು. ತಮ್ಮನಿಗೆ ಆಗ ಹತ್ತೊಂಬತ್ತು. ಮಧ್ಯಾಹ್ನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸಂದರ್ಶನವಿತ್ತು. ಅಷ್ಟರೊಳಗೆ ಒಂದು ಗಂಟೆ ಏಣಿ ಹಿಡಿದು ಹೋಗು, ಔಷಧಿ ಅಂಗಡಿಯ ಬೋರ್ಡು ಬರೆದು ಮುಗಿಸಿಬಿಡುತ್ತೇನೆ ಎಂದಿದ್ದ ಅಣ್ಣ.

ಅಣ್ಣ ಮೇಲಿದ್ದ, ಕೊನೆಯ ಅಕ್ಷರಕ್ಕೆ ಬಂದಿದ್ದ. ಕೆಂಪು ಬಣ್ಣದ ಡಬ್ಬಿ ಏಣಿಯ ಕೊಕ್ಕೆಯಲ್ಲಿ ತೂಗುತ್ತಿತ್ತು. ಅದು ವಾಲಿತು. ದಾರದಂಥ ಕೆಂಪು ಗೆರೆಯೊಂದು ನೇರ ಕೆಳಗಿಳಿಯುವುದನ್ನು ತಮ್ಮ ಕಂಡ. ಎರಡೂ ಕೈ ಬಿಟ್ಟು ಹಿಂದಕ್ಕೆ ನೆಗೆದ.

ಏಣಿ ಕಲ್ಲಿನ ಮೆಟ್ಟಿಲ ಮೇಲೆ ಜಾರಿದ ಸದ್ದಾಯಿತು. ಬಿದ್ದ ಸದ್ದಾಯಿತು. ತಮ್ಮ ಮೊದಲು ನೋಡಿದ್ದು ಅಂಗಿಯನ್ನು. ಒಂದು ಹನಿಯೂ ಬಿದ್ದಿರಲಿಲ್ಲ. ಆಮೇಲೆ ತಲೆಯೆತ್ತಿದ. ಏಣಿಯ ಅಡಿ ಕಾಲು ತಿರುಚಿ ಬಿದ್ದಿದ್ದ ಅಣ್ಣ ಅವನನ್ನೇ ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅಣ್ಣ ಒಂದೇ ಉತ್ತರ ಕೊಟ್ಟ. ಮೆಟ್ಟಿಲು ನುಣುಪಿತ್ತು. ಪಟ್ಟಿ ಬಿಚ್ಚಿದಾಗ ಮೂಳೆ ಒಂದರ ಮೇಲೊಂದು ಏರಿ ಕೂಡಿತ್ತು. ಮುರಿದು ಮತ್ತೆ ಕೂಡಿಸಬಹುದು ಎಂದರು. ಇನ್ನೊಂದು ಸಲ ಮುರಿಸಿಕೊಳ್ಳುವ ಧೈರ್ಯ ತನಗಿಲ್ಲ ಎಂದ. ಆಮೇಲೆ ಅವನು ಏಣಿ ಹತ್ತಲಿಲ್ಲ. ಊರಿನ ಎತ್ತರದ ಗೋಡೆಗಳಲ್ಲಿ ಅವನ ಹಳೆಯ ಅಕ್ಷರಗಳು ಮಾಸುತ್ತಾ ಹೋದವು. ಹೊಸವೆಲ್ಲ ಎದೆಮಟ್ಟಕ್ಕಿಂತ ಕೆಳಗೆ: ಬಾಗಿಲ ನಂಬರು, ತಳ್ಳುಗಾಡಿಯ ಹೆಸರು, ಇಸ್ತ್ರಿ ಅಂಗಡಿಯ ಹಲಗೆ.

ತನ್ನ ಮನೆಬಾಗಿಲ ಮೇಲೆ, ಬೀಳುವ ಮುಂಚೆ ಬರೆದು ತೂಗುಹಾಕಿದ್ದ ಬೋರ್ಡನ್ನು ಮಾತ್ರ ಅವನು ಇಳಿಸಲಿಲ್ಲ. 'ಬೋರ್ಡು ಬರೆದುಕೊಡಲಾಗುವುದು. ಎಷ್ಟು ಎತ್ತರವಾದರೂ.' ಅದನ್ನು ಓದಿ ನಗದವರು ಬೀದಿಯಲ್ಲಿರಲಿಲ್ಲ.

*

ಪ್ಯಾಂಟು ಹಾಕಿಸಿದ್ದಾಯಿತು. ಸುಟ್ಟ ಕಲೆಯ ಮೇಲೆ ತಮ್ಮನೇ ಹೊದಿಕೆ ಎಳೆದ. ಇನ್ನೇನು ಹೊರಗಿನ ಜನರ ನಡುವೆ ಸೇರಿಕೊಳ್ಳಬೇಕು, ಹಿಂದಿನಿಂದ ಅತ್ತಿಗೆ ಕರೆದಳು.

"ಸ್ವಲ್ಪ ಹಿತ್ತಿಲಿಗೆ ಬಾ."

ಹಿತ್ತಿಲ ಓಣಿಯಲ್ಲಿ ಅವರಿಬ್ಬರೇ. ಗೋಡೆಗೆ ಆ ಏಣಿ ಅಡ್ಡಡ್ಡ ನೇತುಬಿದ್ದಿತ್ತು, ಅಲ್ಲಲ್ಲಿ ಕೆಂಪು ಬಣ್ಣ ಒಣಗಿ ಕಪ್ಪಾಗಿತ್ತು.

"ನಿನಗೇ ಹೇಳ್ಬೇಕು ಅಂತಿದ್ರು. ಮೂರು ದಿನ ಬಾಗಿಲು ನೋಡಿದ್ರು. ನೀನು ಬರಲಿಲ್ಲ."

ಅವನು ಅಂಗಿಯ ತುದಿ ಎಳೆದು ಸರಿಮಾಡಿಕೊಂಡ.

"ಬಾಗಿಲ ಮೇಲಿನ ಬೋರ್ಡು ಇಳಿಸಿ, ಅದರ ಕೆಳಗೆ ನನ್ನ ಹೊತ್ಕೊಂಡು ಹೋಗ್ಬೇಡಿ ಅಂದ್ರು. ಜನ ಕೊನೇಲೂ ನಗೋದು ಬೇಡ ಅಂತ."

ಇಷ್ಟೇನಾ ಎಂದು ಅವನ ಉಸಿರು ಹಿಂದಿರುಗಿತು. ಈಗಲೇ ಹತ್ತಿ ಇಳಿಸುತ್ತೇನೆಂದು ಏಣಿಗೆ ಕೈ ಹಾಕಿದ.

"ನೀನು ಹತ್ತೋದಲ್ಲ. ನಾನು ಹತ್ಬೇಕು. ಏಣಿ ಅವನೇ ಹಿಡೀಲಿ ಅಂದ್ರು."

ಅವನ ಕೈ ಏಣಿಯ ಮೇಲೆಯೇ ನಿಂತಿತು. ಕೇಳಿದ: "ಅತ್ತಿಗೆ, ನಿಮಗೆ ಎಲ್ಲಾ ಗೊತ್ತಾ?"

"ಆಸ್ಪತ್ರೆಯಿಂದ ಬಂದ ದಿನಾನೇ ಹೇಳಿದ್ರು. ಅಂಗಿಗೆ ಒಂದು ಹನೀನೂ ಬೀಳಲಿಲ್ಲ ಕಣೇ, ಅಂತ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವರಿಗೆ ಸಿಟ್ಟಿರಲಿಲ್ಲ. ನನಗಿತ್ತು. ಈಗಲೂ ಇದೆ. ಎತ್ತು, ಗಾಡಿ ಬರುತ್ತೆ."

*

ಅರವತ್ತರ ಹತ್ತಿರದ ಹೆಂಗಸು ಏಣಿ ಹತ್ತುವುದನ್ನು ಕಂಡು ಜಗಲಿಯವರೆಲ್ಲ ಎದ್ದರು. ಮುದುಕ ತಾನು ಹತ್ತುತ್ತೇನೆಂದ. ಮಗಳು ಓಡಿ ಬಂದಳು. ಅತ್ತಿಗೆ ಇಬ್ಬರನ್ನೂ ಕಣ್ಣಲ್ಲೇ ತಡೆದಳು. ಏಣಿಯ ಬುಡದಲ್ಲಿ ತಮ್ಮ ಒಬ್ಬನೇ ಉಳಿದ.

ಮೆಟ್ಟಿಲಿನಿಂದ ಮೆಟ್ಟಿಲಿಗೆ ಅವಳ ಭಾರ ಅವನ ಅಂಗೈಗೆ ಇಳಿಯುತ್ತಿತ್ತು. ಕೈ ಬೆವತಿತ್ತು, ಬೆವತ ಕೈ ಜಾರಿದರೆ? ಕಣ್ಣೆದುರು ಅವಳ ಹಿಮ್ಮಡಿಗಳು ನಡುಗುತ್ತಿದ್ದವು. ಅವಳಿಗೂ ಭಯ ಎಂದು ಅವನಿಗೆ ಆಗ ತಿಳಿಯಿತು. ಭಯವಿದ್ದೂ ಹತ್ತುತ್ತಿದ್ದಳು, ಅವನ ಕೈಯನ್ನೇ ನಂಬಿ, ಇಲ್ಲವೇ ನಂಬದೆ.

"ಹಿಡ್ಕೊಂಡಿದ್ದೀಯಾ?" ಎಂದಳು ಮೇಲಿನಿಂದ.

"ಹಿಡ್ಕೊಂಡಿದ್ದೀನಿ."

ಎರಡು ಮೊಳೆ ಕಿತ್ತಳು. ಬೋರ್ಡು ಗೋಡೆ ಬಿಟ್ಟು ಬಂತು. ಅದರ ಹಿಂದೆ ಮೂವತ್ತು ವರ್ಷದಿಂದ ಕೂತಿದ್ದ ಧೂಳು, ಮಸಿ, ಗುಬ್ಬಿಗೂಡಿನ ಕಸ, ಎಲ್ಲವೂ ಒಮ್ಮೆಗೇ ಕೆಳಗೆ ಹೊರಟಿತು. ಬರುವುದು ಅವನಿಗೆ ಕಂಡಿತು. ಕಾಲು ತಾನಾಗಿ ಹಿಂದಕ್ಕೆ ಎಳೆಯಿತು. ಅವನು ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡ.

ತಲೆಯ ಮೇಲೆ ಬಿತ್ತು, ಮುಖದ ಮೇಲೆ, ಹೆಗಲ ಮೇಲೆ, ಅಂಗಿಯ ಒಳಗೆ.

ಬೀದಿಯ ತುದಿಯಲ್ಲಿ ಗಾಡಿಯ ಸದ್ದಾಯಿತು. ಹೊರುವವರು ಬಾಗಿಲಿಗೆ ಬಂದು, ಸ್ವಲ್ಪ ಸರೀರಿ, ಏಣಿ ಅಡ್ಡ ಇದೆ ಎಂದರು. ಅವನು ಅಲುಗಲಿಲ್ಲ. ಮುದುಕ ಹತ್ತಿರ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಅತ್ತಿಗೆ ಇಳಿದು ಆಗಲೇ ಬಹಳ ಹೊತ್ತಾಗಿತ್ತು.