ಬಾಯಿ ಬಿಡದ ಶುಕ್ರವಾರ

ಏಳನೇ ಕ್ಲಾಸಿನ ಟೀಚರಿಗೆ ಮಕ್ಕಳಿಟ್ಟ ಅಡ್ಡಹೆಸರು ವಟವಟ ಟೀಚರ್. ಅದು ಅವಳಿಗೂ ಗೊತ್ತಿತ್ತು. ಸುಳ್ಳಲ್ಲವಾದ್ದರಿಂದ ಸಿಟ್ಟೂ ಇರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಅವಳ ಹತ್ತಿರ ಇದ್ದದ್ದು ಬರೀ ಬೆಳ್ಳಿ. ಅಂಥವಳಿಗೆ ಹೆಡ್ ಮೇಷ್ಟ್ರು ಬಾಯಿ ಮುಚ್ಚಿಕೊಂಡಿರುವ ಶಿಕ್ಷೆ ಕೊಟ್ಟರು.

ಕಾರಣ ಶಾಲೆಯ ಮೆಟ್ಟಿಲು. ಮೇಲಿನ ಅಂತಸ್ತಿಗೆ ಇರುವುದು ಅದೊಂದೇ ದಾರಿ, ಇಬ್ಬರು ಅಕ್ಕಪಕ್ಕ ಹೋಗುವಷ್ಟೇ ಅಗಲ. ಹತ್ತು ನಿಮಿಷದ ಬಿಡುವಿಗೆ ಗಂಟೆ ಹೊಡೆದೊಡನೆ ಮೇಲಿನ ಏಳನೆಯವರು ಆಟಕ್ಕೆಂದು ದಬದಬ ಇಳಿಯುತ್ತಾರೆ. ಅದೇ ಹೊತ್ತಿಗೆ ಬಯಲಲ್ಲಿ ಡ್ರಿಲ್ ಮುಗಿಸಿದ ನಾಲ್ಕನೆಯವರು ನೀರಿನ ಬಾಟಲಿಗಾಗಿ ಮೇಲಿನ ತಮ್ಮ ಕ್ಲಾಸಿಗೆ ಓಡುತ್ತಾರೆ. ಹೋದ ವಾರ ಎಲ್ಲರೂ ಉದ್ದಪ್ಪ ಎಂದು ಕರೆಯುವ ಏಳನೆಯ ಎತ್ತರದ ಹುಡುಗ ಡಿಕ್ಕಿ ಹೊಡೆದು ನಾಲ್ಕನೆಯ ಹುಡುಗಿಯೊಬ್ಬಳು ಉರುಳಿಬಿದ್ದಳು. ಗದ್ದಕ್ಕೆ ಎರಡು ಹೊಲಿಗೆ. ಇನ್ನು ಏಳನೆಯವರಿಗೆ ಆಟವಿಲ್ಲ, ಬಿಡುವಿನಲ್ಲೂ ಕ್ಲಾಸಲ್ಲೇ ಕೂತಿರಲಿ ಎಂದರು ಹೆಡ್ ಮೇಷ್ಟ್ರು.

ಟೀಚರ್ ಬಿಡಲಿಲ್ಲ. ಗಂಟು ಹಾಕಿದವರೇ ಬಿಚ್ಚಲಿ, ಒಂದು ವಾರ ಕೊಡಿ ಎಂದು ಅವರ ತಲೆ ತಿಂದಳು. ಕೊನೆಗೆ ಅವರು ಒಪ್ಪಿದರು, ಆದರೆ ಒಂದು ಷರತ್ತು.

"ಶುಕ್ರವಾರ ನಾನೇ ನಿಂತು ನೋಡ್ತೀನಿ. ನೀವು ಒಂದು ಮಾತೂ ಆಡಬಾರದು. ನೀವು ಬಾಯಿಬಿಟ್ರೆ ಅದು ನಿಮ್ಮ ಶಿಸ್ತು, ಮಕ್ಕಳದ್ದಲ್ಲ."

ಮನೆಯಲ್ಲಿ ಗಂಡ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಿನ್ನ ಬಾಯಿಗೆ ಹಾಕುವ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡು ಬಾ ಎಂದ.

ಎರಡೂ ಕ್ಲಾಸನ್ನು ಅವಳು ಒಂದೇ ಕೋಣೆಯಲ್ಲಿ ಕೂರಿಸಿದಳು, ಚಿಕ್ಕವರನ್ನು ಬೆಂಚಿನ ಮೇಲೆ, ದೊಡ್ಡವರನ್ನು ನೆಲದ ಮೇಲೆ. ಅವಳ ನಿಯಮ ಒಂದೇ: ಯಾವ ಉಪಾಯವನ್ನಾದರೂ ದೊಡ್ಡವರಲ್ಲೊಬ್ಬರೂ ಚಿಕ್ಕವರಲ್ಲೊಬ್ಬರೂ ಜೊತೆಯಾಗಿ ಬಂದು ಹೇಳಬೇಕು, ಒಬ್ಬರೇ ಬಂದರೆ ಕೇಳುವುದಿಲ್ಲ. ಮೂರು ದಿನ ನೀನು ತಳ್ಳಿದೆ, ನೀನು ಅಡ್ಡ ಬಂದೆ ಎಂಬ ಜಗಳವೇ ಆಯಿತು. ಗುರುವಾರ ಸಂಜೆ ಉದ್ದಪ್ಪನೂ ಹೊಲಿಗೆಯ ಹುಡುಗಿಯೂ ಒಟ್ಟಿಗೆ ಎದ್ದು ಬಂದರು. ಎದುರಿನವರಿಗೆ ಮೊದಲು ದಾರಿ ಬಿಡಬೇಕು ಎಂಬುದು ಅವರ ಉಪಾಯ. ಎಲ್ಲರೂ ಚಪ್ಪಾಳೆ ಹೊಡೆದರು, ಟೀಚರಿಗೆ ಕಣ್ಣು ತುಂಬಿತು. ಅದರಲ್ಲೊಂದು ತೂತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಶುಕ್ರವಾರ ಗಂಟೆ ಹೊಡೆಯಿತು. ಏಳನೆಯವರು ಮೇಲಿನ ಮೆಟ್ಟಿಲಿಗೆ ಬಂದು ನಿಂತರು, ನಾಲ್ಕನೆಯವರು ಕೆಳಗಿನದಕ್ಕೆ. ನೀವು ಬನ್ನಿ ಎಂದರು ಮೇಲಿನವರು. ನೀವೇ ಇಳೀರಿ ಎಂದರು ಕೆಳಗಿನವರು. ಯಾರೂ ಜಪ್ಪಯ್ಯ ಎಂದರೂ ಕದಲಲಿಲ್ಲ. ಎರಡು ನಿಮಿಷ ಹೋಯಿತು, ಮೂರು ಹೋಯಿತು. ಹೆಡ್ ಮೇಷ್ಟ್ರು ಗಡಿಯಾರ ನೋಡಿಕೊಂಡು, ಅತಿವಿನಯ ಧೂರ್ತಲಕ್ಷಣ ಎಂದು ಗೊಣಗಿದರು.

ಟೀಚರಿಗೆ ಜೀವ ಬಾಯಿಗೆ ಬಂದಿತ್ತು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಬಿಟ್ಟರೆ ಮಕ್ಕಳ ಆಟ ಹೋಗುತ್ತದೆ, ಬಿಡದಿದ್ದರೂ ಹೋಗುತ್ತದೆ. ಕರ್ಚೀಫಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. ಇಷ್ಟು ವರ್ಷದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದೇ ಇರಬೇಕು.

ಆಗ ಹೊಲಿಗೆಯ ಹುಡುಗಿ ಮೆಟ್ಟಿಲ ಬದಿಯ ಕಂಬಿ ಹಿಡಿದು ಒಬ್ಬಳೇ ಹತ್ತಿದಳು. ಅವಳನ್ನು ನೋಡಿ ಉದ್ದಪ್ಪ ಗೋಡೆಗೆ ಒತ್ತಿಕೊಂಡು ಇಳಿದ. ನಡುವೆ ಸಂಧಿಸಿ ಇಬ್ಬರೂ ಏನೋ ಪಿಸುಗುಟ್ಟಿದರು. ಅವಳ ಹೊಲಿಗೆಗೆ ತಗುಲೀತೆಂದು ಅವನು ಮೊಣಕೈಯನ್ನು ಹಿಂದಕ್ಕೆ ಎಳೆದುಕೊಂಡದ್ದು ಟೀಚರಿಗೆ ಕಂಡಿತು. ಆಮೇಲೆ ಇಬ್ಬರೂ ಒಟ್ಟಿಗೇ ಹೇಳಿದರು:

"ಯಾರೂ ಕಾಯೋದು ಬೇಡ. ಚಿಕ್ಕವರಿಗೆ ಕಂಬಿ, ದೊಡ್ಡವರಿಗೆ ಗೋಡೆ. ಒಬ್ಬರ ಹಿಂದೆ ಒಬ್ಬರು ಬನ್ನಿ."

ಒಂದು ಸಾಲು ಹತ್ತಿತು, ಒಂದು ಸಾಲು ಇಳಿಯಿತು. ಒಂದು ಮೊಣಕೈಯೂ ಯಾರಿಗೂ ತಾಗಲಿಲ್ಲ. ಎಲ್ಲ ಮುಗಿದಾಗ ಬಿಡುವಿನಲ್ಲಿ ಇನ್ನೂ ನಾಲ್ಕು ನಿಮಿಷ ಉಳಿದಿತ್ತು, ಬಯಲಲ್ಲಿ ಗಲಾಟೆ ಶುರುವಾಗಿತ್ತು. ಆಟ ಇರಲಿ ಎಂದು ಹೇಳಿ ಹೆಡ್ ಮೇಷ್ಟ್ರು ತಮ್ಮ ಕೋಣೆಗೆ ನಡೆದರು. ಟೀಚರಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆಯೇ ಕೂತಳು.

ಹೊಲಿಗೆಯ ಹುಡುಗಿ ಬಾಟಲಿ ಹಿಡಿದು ಹಿಂದಿರುಗಿ ಬಂದಳು.

"ಟೀಚರ್, ಮುಗೀತು. ಈಗ ನೀವು ಮಾತಾಡಬಹುದು."

ಟೀಚರ್ ಬಾಯಿ ತೆರೆದಳು. ವಾರವಿಡೀ ಕೂಡಿಟ್ಟಿದ್ದ ಬುದ್ಧಿಮಾತುಗಳಲ್ಲಿ ಹೇಳುವಂಥದ್ದು ಒಂದೂ ಉಳಿದಿರಲಿಲ್ಲ.

"ನೀರು ಕುಡಿಯಮ್ಮ," ಎಂದಳು ಅಷ್ಟೇ.