ಚೌಕಾಸಿ ಚಿಕ್ಕಮ್ಮನ ಬೆಳ್ಳಿ ನಾಣ್ಯ

ಚೌಕಾಸಿ ಮಾಡೋದರಲ್ಲಿ ಚಿಕ್ಕಮ್ಮ ಎತ್ತಿದ ಕೈ. ಪರದೆ, ದಿಂಬಿನ ಕವರು ಹೊಲಿದು ಹೊಟ್ಟೆ ಹೊರೆಯೋ ಹೆಂಗಸು. ಅವಳು ಮೆಟ್ಟಿಲು ಹತ್ತೋದು ಕಂಡರೆ ಸಾಕು, ಬಟ್ಟೆ ಅಂಗಡಿ ಮಾಲೀಕ ತಮ್ಮನನ್ನು ಗಲ್ಲಾದಲ್ಲಿ ಕೂರಿಸಿ ತಾನು ಗೋದಾಮಿಗೆ ಜಾರಿಕೊಳ್ಳುತ್ತಿದ್ದ. ಎದುರಿನವರು ಯಾವ ಬೆಲೆಯನ್ನಾದರೂ ಹೇಳಲಿ, "ಅಯ್ಯೋ, ಅಷ್ಟೆಲ್ಲ ಇಲ್ಲ ಬಿಡಿ" ಅನ್ನೋದು ಅವಳ ಬಾಯಿಂದ ತಾನಾಗೇ ಬರುತ್ತಿತ್ತು. ಬೀದಿಗೆ ಬೀದಿಯೇ ಅವಳನ್ನು ಚೌಕಾಸಿ ಚಿಕ್ಕಮ್ಮ ಅಂತ ಕರೀತಿತ್ತು. ಅವಳಿಗೂ ಅದೊಂದು ಬಿರುದೇ.

ಇಂಥವಳು ನಾಣ್ಯ ಮಾರೋಕೆ ಹೋಗಿ ಮಾಡಿದ ಘನಕಾರ್ಯ ಕೇಳಿ.

ಚಿಕ್ಕಮ್ಮನಿಗೆ ಇದ್ದಿದ್ದು ಅಕ್ಕ ಒಬ್ಬಳೇ. ತಾಯಿ ಹೋದ ಮೇಲೆ ಇವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಅಕ್ಕನ ಕಿವಿ ಮಂದವಾಗುತ್ತಾ ಬಂದು, ಈಗೀಗ ನಾಲ್ಕು ಜನ ಸೇರಿದ ಕಡೆ ಎಲ್ಲರೂ ನಕ್ಕಾಗ ತಾನೂ ನಕ್ಕು, ಆಮೇಲೆ ಮೆಲ್ಲಗೆ "ಏನಂದ್ರೇ ಪುಟ್ಟಿ?" ಅಂತ ಕೇಳೋಳು. ಅದನ್ನು ನೋಡಿದಾಗೆಲ್ಲ ಚಿಕ್ಕಮ್ಮನ ಕರುಳು ಚುರ್ ಅನ್ನೋದು. ಒಳ್ಳೇ ಕಿವಿ ಮಿಷನ್ನಿಗೆ ಮೂವತ್ತು ಸಾವಿರ. ಮನೇಲಿ ಮಾರೋ ಅಂಥದ್ದು ಅಂದರೆ, ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ಅಪ್ಪ ಬಂದರು ಬಂದರಿನಿಂದ ತಂದಿಟ್ಟ ಬೆಳ್ಳಿ ನಾಣ್ಯಗಳು, ಅಷ್ಟೇ. "ನೀನೇ ಹೋಗಿ ಮಾರೇ. ವ್ಯವಹಾರದಲ್ಲಿ ನಿನ್ನನ್ನು ಮೀರಿಸೋರು ಯಾರಿದಾರೆ?" ಅಂದಳು ಅಕ್ಕ.

ಹಳೇ ನಾಣ್ಯದಂಗಡಿಯವನು ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ, ಗಂಟಲು ಸರಿಮಾಡಿಕೊಂಡು, "ಎಲ್ಲ ಸೇರಿ ಹದಿನೆಂಟು ಸಾವಿರ" ಅಂದ.

"ಅಯ್ಯೋ, ಅಷ್ಟೆಲ್ಲ ಇಲ್ಲ ಬಿಡಿ!" ಅಂದಳು ಚಿಕ್ಕಮ್ಮ.

ಅಂಗಡಿಯವನು ಕಣ್ಣು ಕಣ್ಣು ಬಿಟ್ಟ. "ಹಾಗಾದರೆ... ಹದಿನೈದು?"

"ಎಂಟು ಮಾಡ್ಕೊಳ್ಳಿ."

"ಎಂಟು ಬೇಡಮ್ಮಾ, ಪಾಪ ಅನ್ಸುತ್ತೆ. ಹತ್ತು ಇಟ್ಕೊಳ್ಳಿ" ಅಂದ ಪುಣ್ಯಾತ್ಮ. ಅವನನ್ನು ಎಂಟು ಸಾವಿರದಷ್ಟು ಕೆಳಕ್ಕೆಳೆದ ಖುಷಿಯಲ್ಲಿ ಚಿಕ್ಕಮ್ಮ ಬಸ್ಸು ಹತ್ತಿದಳು. ಟಿಕೆಟ್ ತಗೊಳ್ಳುವಾಗ ಲೆಕ್ಕ ಹೊಳೆಯಿತು. ಮಾರುತ್ತಿದ್ದವಳು ತಾನು! ಅವಳು ಎರಡೂ ಕೈಯಲ್ಲಿ ತಲೆ ಚಚ್ಚಿಕೊಂಡ ರಭಸಕ್ಕೆ ಕಂಡಕ್ಟರು ಚಿಲ್ಲರೆ ಇಲ್ಲವಾ ಅಂತ ಕೇಳಿದ.

ವಾರ ಕಳೆದು ಆ ಕಡೆ ಹೋದರೆ ಅಪ್ಪನ ನಾಣ್ಯಗಳು ಗಾಜಿನ ಕಪಾಟಿನಲ್ಲಿ ಮಖಮಲ್ಲಿನ ಮೇಲೆ ಮಲಗಿದ್ದವು. ಪಕ್ಕದಲ್ಲಿ ಚೀಟಿ: ನಲವತ್ತೈದು ಸಾವಿರ. ಅಲ್ಲಾ ಸ್ವಾಮಿ, ಹೊಟ್ಟೆ ಉರಿಯದೆ ಇರುತ್ತಾ? ಮನೆಗೆ ಬಂದು ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟು ಅತ್ತಳು. ಅಕ್ಕ ಬೆನ್ನು ಸವರಿ, "ಕಿವಿ ಹೋದರೆ ಹೋಯ್ತು ಬಿಡೇ, ನಿನ್ನ ಮುಖ ನೋಡಿದರೆ ನಂಗೆಲ್ಲ ಗೊತ್ತಾಗುತ್ತೆ" ಅಂದಳು. ಆ ಮಾತು ಚಿಕ್ಕಮ್ಮನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಅತ್ತಿದ್ದು ಸಾಕು ಅಂತ ಎದ್ದಳು.

ಮಾರನೇ ಬೆಳಗ್ಗೆ ಹತ್ತು ಸಾವಿರವನ್ನು ಹಾಗೇ ಪರ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಸ್ಟೂಲು ಎಳೆದುಕೊಂಡು ಕೂತಳು. ಇವತ್ತು ಕೊಳ್ಳೋಳು ತಾನು. ಅಂದರೆ ಮೀನು ನೀರಿಗೆ ಬಿದ್ದ ಹಾಗೆ.

"ಆ ನಾಣ್ಯ ಎಷ್ಟು?"

"ನಲವತ್ತೈದು."

"ಅಯ್ಯೋ, ಅಷ್ಟೆಲ್ಲ ಇಲ್ಲ ಬಿಡಿ. ಒಂಬತ್ತೂವರೆ."

ಅಂಗಡಿಯವನು ಬಿದ್ದು ಬಿದ್ದು ನಕ್ಕ. ನಗಲಿ ಪಾಪ. ಅಷ್ಟರಲ್ಲಿ ಗೋಡೆ ಗಡಿಯಾರ ಕೊಳ್ಳೋಕೆ ಒಬ್ಬಾಕೆ ಬಂದಳು. ಅವನು ಬೆಲೆ ಹೇಳಿದ್ದೇ ತಡ, "ಇದಕ್ಕಾ? ಲೋಲಕ ಸೊಟ್ಟಗಿದೆ ನೋಡಿ, ಅರ್ಧ ಕೊಡ್ತೀನಿ ಅನ್ನಿ" ಅಂದಳು ಚಿಕ್ಕಮ್ಮ. ಆಕೆ ಅರ್ಧಕ್ಕೇ ಒಯ್ದಳು. ಆಮೇಲೆ ಬಂದ ಮುದುಕರಿಗೆ ಅಂಚೆಚೀಟಿ ಆಲ್ಬಂ ಮುಕ್ಕಾಲಿಗೆ ಬಂತು. ಹೊಸ ಮದುವೆಯ ಗಂಡ ಹೆಂಡತಿಗೆ ಹಿತ್ತಾಳೆ ದೀಪದ ಜೊತೆ ಪುಕ್ಕಟೆ ಒಂದು ಬೂದಿಬಟ್ಟಲನ್ನೂ ಕೊಡಿಸಿದಳು. ಅವರಿಬ್ಬರೂ ಸಿಗರೇಟು ಸೇದುತ್ತಿರಲಿಲ್ಲ.

"ಅಮ್ಮಾ, ಎದ್ದು ಹೋಗ್ತೀರಾ?"

"ಗಿರಾಕಿ ಕಣ್ರೀ ನಾನು. ಬೆಲೆ ಕುದುರೋವರೆಗೂ ಕೂತಿರ್ತೀನಿ. ನಾಳೆನೂ ಬರ್ತೀನಿ, ಕೂರೋಕೆ ನಮ್ಮನೆ ದಿಂಬು ತರ್ತೀನಿ."

ಮೂಲೆಯಲ್ಲಿ ನಾಣ್ಯ ನೋಡುತ್ತಾ ನಿಂತಿದ್ದ ಹಲ್ಲಿನ ಡಾಕ್ಟರೊಬ್ಬರು ಕಿಸಕ್ಕನೆ ನಕ್ಕರು. ಸಂಜೆ ಹೊತ್ತಿಗೆ ಅಂಗಡಿಯವನ ಮುಖ ಹುಳ್ಳಗಾಗಿತ್ತು. ಕೊನೆಗೆ ಕಪಾಟು ತೆಗೆದು ನಾಣ್ಯಗಳನ್ನು ಅವಳ ಮುಂದೆ ಸುರಿದ. "ಒಂಬತ್ತೂವರೆಗೇ ತಗೊಳ್ಳಿ ತಾಯಿ, ನನ್ನನ್ನು ಬದುಕೋಕೆ ಬಿಡಿ!"

ಚಿಕ್ಕಮ್ಮ ಹೊಸ್ತಿಲು ದಾಟಿದಳೋ ಇಲ್ಲವೋ, ಡಾಕ್ಟರು ಹಿಂದೆಯೇ ಓಡಿಬಂದರು. "ಅಮ್ಮಾ, ಆ ನಾಣ್ಯ ನನಗೆ ಕೊಡ್ತೀರಾ? ಇಪ್ಪತ್ತು ಸಾವಿರ!"

ಅವಳ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು, ಅಯ್ಯೋ ಅಷ್ಟೆಲ್ಲ... ಬೆಚ್ಚಿಬಿದ್ದು ಕರ್ಚೀಫನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಹುಟ್ಟಿದ ಮೇಲೆ ಮೊದಲನೇ ಸಲ ಚಿಕ್ಕಮ್ಮ ಸುಮ್ಮನೆ ನಿಂತಳು.

"ಕಡಿಮೆ ಆಯ್ತಾ? ಇಪ್ಪತ್ನಾಲ್ಕು?"

ಬಾಗಿಲಿಂದ ಅಂಗಡಿಯವನು ಕೂಗಿದ, "ಡಾಕ್ಟರಿಗೆ ಕೊಡಬೇಡಿ! ನಾನೇ ಇಪ್ಪತ್ತೇಳು ಕೊಡ್ತೀನಿ!"

ಚಿಕ್ಕಮ್ಮ ಜಪ್ಪಯ್ಯ ಅನ್ನಲಿಲ್ಲ. ಕಣ್ಣಲ್ಲಿ ನೀರು ಬಂತು, ಕರ್ಚೀಫು ಗಂಟಲಿಗೆ ತಾಗುತ್ತಿತ್ತು. ಆ ಕಣ್ಣೀರು ಕಂಡು, ನಾಣ್ಯ ಬಿಟ್ಟುಕೊಡೋಕೆ ಸಂಕಟ ಅಂದುಕೊಂಡ ಡಾಕ್ಟರು ಮೂವತ್ತೆರಡಕ್ಕೆ ಹೋದರು. ಅಂಗಡಿಯವನು ಮೂವತ್ನಾಲ್ಕು ಅಂದ. "ಮೂವತ್ತಾರು!" ಅಂದರು ಡಾಕ್ಟರು. ಅಂಗಡಿಯವನು ಸಾಕಪ್ಪಾ ಅಂತ ಕೈಯಾಡಿಸಿ ಒಳಗೆ ಹೋದ. ಚಿಕ್ಕಮ್ಮ ಆಗಲಿ ಅಂತ ತಲೆಯಾಡಿಸಿದಳು. ಎಣಿಸಿ ಪರ್ಸಿಗೆ ಸೇರಿಸಿದ ಮೇಲೇ ಕರ್ಚೀಫು ತೆಗೆದು, "ಗೆದ್ದೆ!" ಅಂತ ಬೀದಿಯೆಲ್ಲ ತಿರುಗಿ ನೋಡೋ ಹಾಗೆ ಕಿರುಚಿದಳು.

ಎರಡು ದಿನಕ್ಕೆ ಅಕ್ಕನನ್ನು ಕರಕೊಂಡು ಕಿವಿ ಮಿಷನ್ ಅಂಗಡಿಗೆ ಹೋದಳು. ಅಲ್ಲಿನ ಹುಡುಗಿ ಅಕ್ಕನ ಕಿವಿಗೆ ಅದನ್ನು ಕೂರಿಸಿ, ಕಿಟಕಿ ಪಕ್ಕ ಕುರ್ಚಿ ಹಾಕಿ, "ಸ್ವಲ್ಪ ಹೊತ್ತು ಹೀಗೇ ಇರಿ, ಅಭ್ಯಾಸ ಆಗಲಿ" ಅಂದಳು. ಅಕ್ಕ ಮಾತಾಡದೆ ಹೊರಗೆ ನೋಡುತ್ತಾ ಕೂತಳು. ಕೇಳಿಸುತ್ತಿದೆಯೋ ಇಲ್ಲವೋ, ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಕೇಳೋಕೆ ಧೈರ್ಯ ಸಾಲದೆ ಚಿಕ್ಕಮ್ಮ ದುಡ್ಡು ಕೊಡೋಕೆ ಕೌಂಟರಿಗೆ ಹೋದಳು.

"ಮೂವತ್ತು ಸಾವಿರ ಮೇಡಂ."

ಚಿಕ್ಕಮ್ಮ ಮುಂದಕ್ಕೆ ಬಗ್ಗಿ, ಯಾರಿಗೂ ಕೇಳಬಾರದು ಅಂತ ಪಿಸುಗುಟ್ಟಿದಳು, "ಅಷ್ಟೆಲ್ಲ ಇಲ್ಲ ಬಿಡಮ್ಮಾ. ಇಪ್ಪತ್ತೆಂಟು ಮಾಡ್ಕೋ."

"ಬ್ಯಾಟರಿನೂ ಪುಕ್ಕಟೆ ಕೇಳೇ ಪುಟ್ಟಿ!" ಅಂದಳು ಅಕ್ಕ, ಆ ತುದಿಯ ಕಿಟಕಿಯಿಂದ, ತಿರುಗಿಯೂ ನೋಡದೆ.