ಹದಿನೆಂಟಕ್ಕೆ ಹೋದ ಟೊಂಗೆ

ನಾನು ಇನ್ನೂರು ಪುಟಗಳ, ಗೆರೆ ಹಾಕಿದ ನೋಟುಬುಕ್ಕು. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಕತ್ತರಿಸಿ, ಬೆನ್ನಿಗೆ ಎರಡು ಪಿನ್ನು ಹೊಡೆದರು. ನನ್ನಲ್ಲಿ ಬರೆಯುವವರು ಯೋಚಿಸಿ ಬರೆಯುತ್ತಾರೆಂಬ ಭ್ರಮೆ ಧಾರವಾಡದ ಅಂಗಡಿ ತಲುಪುವವರೆಗೆ ಇತ್ತು.

ಕೊಂಡವಳು ಶೈಲಾ ಬಡಿಗೇರ. ವಯಸ್ಸು ಮೂವತ್ತೇಳು. ಪಂಚಾಯತಿ ಹುದ್ದೆಯ ಪರೀಕ್ಷೆಗೆ ಅವಳ ವರ್ಗಕ್ಕೆ ಮೂವತ್ತೆಂಟೇ ಮಿತಿ. ಇದು ಅವಳ ಕೊನೆಯ ಅವಕಾಶ. ತರಬೇತಿ ಕೇಂದ್ರದಲ್ಲಿ ಹಂಚಿನಾಳ ಸರ್ ಓದಿ ಹೇಳುತ್ತಿದ್ದರು, ಅರವತ್ತೆರಡು ಜನ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ನನ್ನ ನಲವತ್ತೊಂದನೇ ಪುಟದಲ್ಲಿ, ಗ್ರಾಮಸಭೆಯ ವ್ಯಾಖ್ಯೆಯ ನಡುವೆ, ‘ಹಿಂದಿನವರು ಫ್ಯಾನ್ ಬಂದ್ ಮಾಡ್ರಿ’ ಎಂದಿದೆ. ಶೈಲಾ ಅದಕ್ಕೂ ಅಡಿಗೆರೆ ಎಳೆದಿದ್ದಾಳೆ.

ನಾನು ಅರ್ಧ ತುಂಬಿದಾಗ ಸರ್ ಬೆಂಗಳೂರಿನ ಎರಡು ದಿನದ ಶಿಬಿರಕ್ಕೆ ಹೋಗಿ ಬಂದರು. ಸಾಲುಸಾಲಾಗಿ ಬರೆಯುವುದು ಹಳತಾಯಿತು, ಇನ್ನು ಮೈಂಡ್ ಮ್ಯಾಪ್ ಎಂದು ಸಾರಿದರು. ವಿಷಯವನ್ನು ನಡುವೆ ಬರೆದು, ತನಗೆ ಹೊಳೆದ ಸಂಬಂಧಗಳನ್ನು ಸುತ್ತಲೂ ಟೊಂಗೆಗಳಾಗಿ ಬಿಡಿಸಬೇಕು, ವಿಧಾನ ಇಷ್ಟೇ. ಸರ್ ಅದನ್ನೂ ಉಕ್ತಲೇಖನ ಮಾಡಿಸಿದರು.

“ನೋಟಬುಕ್ ಅಡ್ಡ ಹಿಡೀರಿ. ನಟ್ಟನಡುವ ಒಂದು ಗುಂಡ ಹಾಕ್ರಿ. ಬಲಕ್ಕ ಹಸಿರು ಟೊಂಗಿ. ಯಾರೂ ಸ್ವಂತ ಶಾಣ್ಯಾತನ ಮಾಡಬ್ಯಾಡ್ರಿ!”

ಯಾರೂ ಮಾಡಲಿಲ್ಲ. ಬೋರ್ಡಿನಲ್ಲಿ ಒಂದು ಬಿರುಕಿತ್ತು, ಚಾಕ್‌ಪುಡಿ ತುಂಬಿ ಬೆಳ್ಳಗಾಗಿತ್ತು. ಅದು ‘ಪಂಚಾಯತಿ’ಯಿಂದ ಹೊರಟು, ನಗರಸಭೆಯ ಪಕ್ಕ ಬರೆದಿದ್ದ ‘೧೮ ವಿಷಯ’ಕ್ಕೆ ಮುಟ್ಟಿತ್ತು. ಬಿಳಿ ಸ್ಕೆಚ್ ಪೆನ್ ಇಲ್ಲದ್ದರಿಂದ ಶೈಲಾ ಅದನ್ನು ಪೆನ್ಸಿಲಿನಲ್ಲಿ, ಒಂದು ಅಂಕುಡೊಂಕೂ ಬಿಡದೆ, ಇಳಿಸಿದಳು.

ಪರೀಕ್ಷೆಗೆ ಎಂಟು ದಿನವಿತ್ತು. ಅದೇ ತರಗತಿಯ ಮುಂದಿನ ಬೆಂಚಿನವಳು, ಕೋಣೆಯ ಜೊತೆಗಾತಿ ಪರವೀನ ಅವಳ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

“ಶೈಲಕ್ಕ, ಸಂವಿಧಾನದಾಗ ಪಂಚಾಯತಿಗೆ ಎಷ್ಟು ವಿಷಯ?”

“ಹದಿನೆಂಟು.”

“ಹ್ವಾದ ತಿಂಗಳ ಇಪ್ಪತ್ತೊಂಬತ್ತು ಅಂದಿದ್ದೆಲ್ಲ!”

“ಅದು ಹಳೇ ಪದ್ಧತಿ. ಇಲ್ಲಿ ನೋಡ, ಟೊಂಗಿ ಹದಿನೆಂಟಕ್ಕ ಹೋಗೇತಿ.”

ಪರವೀನ ನನ್ನ ಮೇಲೆ ಬಾಗಿದಳು. “ಇದು ಟೊಂಗಿ ಅಲ್ಲಬೇ, ಬೋರ್ಡ್ ಸೀಳಿದ್ದು! ಗ್ವಾಡಿ ಮ್ಯಾಲಿನ ಹಲ್ಲೀನ ಯಾಕ ಬಿಟ್ಟಿ? ಅದರ ಚಿತ್ರಾನೂ ತಗೀಬೇಕಿತ್ತು.”

ಶೈಲಾ ನಗಲಿಲ್ಲ. ನನ್ನನ್ನು ಮುಚ್ಚಿದಳು. ಆಮೇಲೆ ಕೊನೆಯ ಪುಟ ತೆರೆದು, ಎಲ್ಲಿಯೂ ನೋಡದೆ, ತನಗೆ ಗೊತ್ತಿದ್ದದ್ದನ್ನು ಬರೆದಳು. ಏಳು ಸಾಲು ಬಂತು. ಎರಡು ತಪ್ಪಿದ್ದವು; ಪುಸ್ತಕ ನೋಡಿ ಹೊಡೆದುಹಾಕಿದಳು. ಬೇಕಾದಲ್ಲಿ ಒಂದು ಬಾಣ ಎಳೆದಳು. ಸಾಲೋ ಟೊಂಗೆಯೋ ಎಂದು ಕೇಳಿಕೊಳ್ಳಲಿಲ್ಲ. ಎಂಟು ದಿನವೂ ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನ ಮೇಲೆ ಅದನ್ನೇ ಮಾಡಿದಳು.

ಪಾಸಾದಳು. ಕೋಣೆ ಬಿಡುವಾಗ ಆ ಕೊನೆಯ ಪುಟವನ್ನು ಹರಿದು ಪರ್ಸಿನಲ್ಲಿಟ್ಟುಕೊಂಡು, ನನ್ನನ್ನು ರದ್ದಿಗೆ ಹಾಕಿದಳು. ನನಗೆ ಬೇಸರವಿಲ್ಲ. ಇನ್ನೂರರಲ್ಲಿ ಅವಳು ಬರೆದದ್ದು ಆ ಒಂದೇ ಪುಟ. ಉಳಿದವನ್ನು ಬರೆದದ್ದು ಬರೀ ಅವಳ ಕೈ.

ಈಗ ತರಬೇತಿ ಕೇಂದ್ರದ ಎದುರಿನ ಗಿರಮಿಟ್ ಗಾಡಿಯಲ್ಲಿ, ಚುರುಮುರಿ ಕಟ್ಟುವ ಕಾಗದವಾಗಿ, ದಿನಕ್ಕಿಷ್ಟು ಕರಗುತ್ತಿದ್ದೇನೆ. ಕೇಂದ್ರದ ಗೇಟಿಗೆ ದೊಡ್ಡ ಫ್ಲೆಕ್ಸ್ ಬಂದಿದೆ: ‘ಮೈಂಡ್ ಮ್ಯಾಪ್‌ನಿಂದ ಗೆದ್ದ ಶೈಲಾ ಬಡಿಗೇರ’. ಅವಳ ಫೋಟೊದ ಪಕ್ಕದಲ್ಲಿ ಸರ್ ಬೋರ್ಡಿನಲ್ಲಿ ಬಿಡಿಸಿದ್ದ ಚಿತ್ರ, ಬಿರುಕಿನ ಸಮೇತ.

ನಿನ್ನೆ ಹೊಸ ಬ್ಯಾಚಿನವನೊಬ್ಬ ಗಿರಮಿಟ್ ತಿನ್ನುತ್ತಾ ಆ ಫ್ಲೆಕ್ಸಿನ ಫೋಟೊ ತೆಗೆದುಕೊಂಡ. ಅವನ ಗಿರಮಿಟ್ ಕಟ್ಟಿಕೊಟ್ಟದ್ದು ಅದೇ ಚಿತ್ರವಿದ್ದ ನನ್ನ ಪುಟದಲ್ಲಿ. ತಿಂದು, ಅದರಲ್ಲೇ ಕೈ ಒರೆಸಿ ಎಸೆದ. ಆ ಪುಟ ಉಪಯೋಗಕ್ಕೆ ಬಂದದ್ದು ಅದೇ ಮೊದಲು.